ಕೋಣನಕುಂಟೆಯ ಮನೆ, ಹರಿಬಾಬುವಿನ ಕ್ಯಾಮೆರಾ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಮೆಟ್ರೋ ಹತ್ತಿ ಹೋಗುವವರಿಗೆ ಕೋಣನಕುಂಟೆ ಕ್ರಾಸ್ ಅನ್ನೋ ನಿಲ್ದಾಣ ಗೊತ್ತಿರುತ್ತದೆ. 1991ರಲ್ಲಿ ಕೋಣನಕುಂಟೆ ಅಂದರೆ ಊರಾಚೆಯ ಹಳ್ಳಿ. ಆ ವರ್ಷದ ಆಗಸ್ಟ್ 20ರ ಬೆಳಿಗ್ಗೆ ಅಲ್ಲಿನ ಒಂದು ಮನೆಗೆ ಕಮಾಂಡೋಗಳು ನುಗ್ಗಿದರು. ಒಳಗೆ ಏಳು ಹೆಣಗಳಿದ್ದವು. ಅದರಲ್ಲಿ ಒಂದು ಶಿವರಾಸನ್‌ದು, ಶ್ರೀಲಂಕಾದ ಎಲ್‌ಟಿಟಿಇ ಎಂಬ ತಮಿಳು ಉಗ್ರ ಸಂಘಟನೆಯಿಂದ ಬಂದು ರಾಜೀವ್ ಗಾಂಧಿ ಹತ್ಯೆಯನ್ನು ಮುಂದೆ ನಿಂತು ನಡೆಸಿದವನದು. ಮನೆಯನ್ನು ಸುತ್ತುವರಿದ ಮೇಲೂ ಒಳಗೆ ಹೋಗಲು ತಡವಾಯಿತು. ಆ ಏಳು ಜನರಲ್ಲಿ ಒಬ್ಬರಾದರೂ ಜೀವಂತ ಸಿಕ್ಕಿದ್ದರೆ ಎಷ್ಟೋ ಪ್ರಶ್ನೆಗಳಿಗೆ ಅವರ ಬಾಯಿಂದಲೇ ಉತ್ತರ ಬರುತ್ತಿತ್ತು, ಅಲ್ವಾ?

ಚುನಾವಣೆ ಪ್ರಚಾರದ ಹೊತ್ತಿನ ಹಿಂಸೆಯನ್ನು ತಡೆಯುವುದು ಹೇಗೆ, ಆಗಿಹೋದ ಮೇಲೆ ತನಿಖೆ ಮಾಡುವುದು ಹೇಗೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದೇ ಪ್ರಕರಣ.

ಆಗ ಲೋಕಸಭೆ ಚುನಾವಣೆ. ಮೇ 20ಕ್ಕೆ ಮೊದಲ ಹಂತದ ಮತದಾನ ಮುಗಿದಿತ್ತು. ಮರುದಿನ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ರಾಜೀವ್ ತಮಿಳುನಾಡಿನ ಶ್ರೀಪೆರಂಬದೂರಿನ ಸಭೆಗೆ ಬಂದರು. ಪ್ರಧಾನಿ ಹುದ್ದೆ ಹೋದ ಮೇಲೆ ಅವರಿಗಿದ್ದ ಎಸ್‌ಪಿಜಿ, ಅಂದರೆ ಪ್ರಧಾನಿಯನ್ನು ಕಾಯುವ ವಿಶೇಷ ಪಡೆಯ ಕಾವಲೂ ಹೋಗಿತ್ತು. ಜನ ಮುತ್ತಿಕೊಂಡರು. ಹಾರ ಹಿಡಿದು ನಿಂತಿದ್ದ ಧನು ಎಂಬ ಹೆಂಗಸನ್ನು ಒಬ್ಬ ಮಹಿಳಾ ಸಬ್ ಇನ್‌ಸ್ಪೆಕ್ಟರ್ ತಡೆದಿದ್ದರು. ಬಿಡಿ, ಎಲ್ಲರೂ ಬರಲಿ ಅಂತ ರಾಜೀವ್ ಅವರೇ ಹೇಳಿದರು ಎಂದು ಆ ಅಧಿಕಾರಿ ಆಮೇಲೆ ತಿಳಿಸಿದ್ದಾರೆ. ಅವರು ಹಿಂದೆ ಸರಿದರು. ಧನು ಕಾಲು ಮುಟ್ಟಲು ಬಗ್ಗಿದಳು. ಸೊಂಟಕ್ಕೆ ಕಟ್ಟಿಕೊಂಡಿದ್ದ ಬಾಂಬು ಸಿಡಿಯಿತು. ರಾಜೀವ್ ಜೊತೆಗೆ ಪೊಲೀಸರೂ ಕಾರ್ಯಕರ್ತರೂ ಸೇರಿ ಇನ್ನೂ ಹತ್ತಕ್ಕೂ ಜಾಸ್ತಿ ಜನ ಸತ್ತರು.

ಆ ಸಬ್ ಇನ್‌ಸ್ಪೆಕ್ಟರ್ ವಿಷಯ ನನ್ನನ್ನು ಬಿಡುವುದೇ ಇಲ್ಲ. ಅವರು ತಮ್ಮ ಕೆಲಸ ಮಾಡಿದ್ದರು. ಆದರೆ ನಮ್ಮ ಪ್ರಚಾರದ ರೀತಿ ಹೇಗಿದೆ ನೋಡಿ: ನಾಯಕ ಜನರ ಮಧ್ಯೆ ನುಗ್ಗಬೇಕು, ಹಾರ ಹಾಕಿಸಿಕೊಳ್ಳಬೇಕು, ಕಾವಲಿನವರು ಅಡ್ಡ ಬಂದರೆ ಕಾರ್ಯಕರ್ತರಿಗೆ ಸಿಟ್ಟು, ನಾಯಕನಿಗೆ ಮುಜುಗರ. ಕೆಳಹಂತದ ಒಬ್ಬ ಅಧಿಕಾರಿ ಬೇಡ ಅಂದಾಗ ಅದು ಬೇಡವೇ ಆಗಬೇಕು, ಎದುರಿಗಿರುವವರು ಮಾಜಿ ಪ್ರಧಾನಿಯಾದರೂ ಸರಿ. ಇಷ್ಟನ್ನು ಪಕ್ಷಗಳು ಒಪ್ಪದಿದ್ದರೆ ಎಷ್ಟು ಪೊಲೀಸರನ್ನು ನಿಲ್ಲಿಸಿದರೂ ಪ್ರಯೋಜನವಿಲ್ಲ.

ಇನ್ನೊಂದು ಸಂಗತಿ. ಅದಕ್ಕೆ ಎರಡು ವಾರ ಮುಂಚೆ, ಮೇ 7ರಂದು, ಇದೇ ಗುಂಪು ಮದ್ರಾಸಿನಲ್ಲಿ ವಿ.ಪಿ. ಸಿಂಗ್ ಸಭೆಗೆ ಹೋಗಿ ತಾಲೀಮು ನಡೆಸಿತ್ತು. ನಾಯಕರ ಹತ್ತಿರಕ್ಕೆ ಎಷ್ಟು ಸುಲಭವಾಗಿ ಹೋಗಬಹುದು ಅಂತ ನೋಡಿಕೊಂಡು ಬಂದರು. ಅಲ್ಲಿ ಅವರು ಸಿಕ್ಕಿಬೀಳಲಿಲ್ಲ.

ಇನ್ನು ತನಿಖೆ. ಸಿಬಿಐನ ವಿಶೇಷ ತನಿಖಾ ತಂಡದ ಮುಖ್ಯಸ್ಥರಾಗಿದ್ದವರು ಡಿ.ಆರ್. ಕಾರ್ತಿಕೇಯನ್, ನಮ್ಮ ಕರ್ನಾಟಕ ಕೇಡರ್‌ನ ಐಪಿಎಸ್ ಅಧಿಕಾರಿ. ಅವರ ಕೈಯಲ್ಲಿ ಮೊದಲಿಗೆ ಇದ್ದದ್ದು ಒಂದು ಕ್ಯಾಮೆರಾ. ಹಂತಕರೇ ಫೋಟೋ ತೆಗೆಯಲು ಹರಿಬಾಬು ಎಂಬ ಹುಡುಗನನ್ನು ಕರೆತಂದಿದ್ದರು. ಸ್ಫೋಟದಲ್ಲಿ ಅವನೂ ಸತ್ತ, ಆದರೆ ಕ್ಯಾಮೆರಾ ಉಳಿಯಿತು. ರೀಲು ತೊಳೆದಾಗ ಹತ್ತು ಫೋಟೋ ಸಿಕ್ಕವು. ಹಾರ ಹಿಡಿದ ಧನು ಇದ್ದಳು, ಪತ್ರಕರ್ತನ ಹಾಗೆ ಬಿಳಿ ಕುರ್ತಾ ಪೈಜಾಮ ತೊಟ್ಟ ಶಿವರಾಸನ್ ಇದ್ದ. ಇನ್ನೊಂದು ಕಡೆ ತಮಿಳುನಾಡಿನ ವಿಧಿವಿಜ್ಞಾನ ಪ್ರಯೋಗಾಲಯದ ಪಿ. ಚಂದ್ರಶೇಖರನ್ ಚಿಂದಿ ಬಟ್ಟೆ, ವೈರು, ಛರ್‍ರಾ ಗುಂಡುಗಳನ್ನು ಜೋಡಿಸಿ ಬಾಂಬು ಇದ್ದದ್ದು ಧನುವಿನ ಮೈಮೇಲೆ ಅಂತ ತೋರಿಸಿದರು. ಆ ರಾತ್ರಿಯ ನೂಕುನುಗ್ಗಲಿನಲ್ಲಿ ಯಾರಾದರೂ ಆ ಕ್ಯಾಮೆರಾವನ್ನು ಸುಮ್ನೆ ಎತ್ತಿಕೊಂಡು ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ.

1998ರಲ್ಲಿ ವಿಶೇಷ ನ್ಯಾಯಾಲಯ 26 ಜನರಿಗೆ ಗಲ್ಲು ವಿಧಿಸಿತು. ಮರುವರ್ಷ ಸುಪ್ರೀಂ ಕೋರ್ಟು ನಾಲ್ವರಿಗೆ ಮಾತ್ರ ಗಲ್ಲು ಉಳಿಸಿ, ಮೂವರಿಗೆ ಜೀವಾವಧಿ ಕೊಟ್ಟು, 19 ಜನರನ್ನು ಬಿಟ್ಟಿತು. ಕೊನೆಗೆ ಯಾರನ್ನೂ ಗಲ್ಲಿಗೇರಿಸಲಿಲ್ಲ, 2022ರಲ್ಲಿ ಉಳಿದವರೂ ಹೊರಬಂದರು. ಅದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಇದೆ. ನಾನು ಅದಕ್ಕೆ ಹೋಗುವುದಿಲ್ಲ.

ನನಗೆ ಹೇಳಬೇಕಿರುವುದು ಬೇರೆ. ಸತ್ತವರು ದೊಡ್ಡವರಾದಾಗ ನಾವು ಹೀಗೆ ಚಿಂದಿ ಚಿಂದಿ ಆರಿಸಿ ತನಿಖೆ ಮಾಡುತ್ತೇವೆ. ಹಳ್ಳಿಯ ಕಾರ್ಯಕರ್ತನ ತಲೆ ಒಡೆದರೆ? ಬಾವುಟ ಕಟ್ಟುವಾಗ ಜಗಳ, ಕಲ್ಲು, ದೊಣ್ಣೆ. ಈ ಕಡೆಯವರು ದೂರು ಕೊಟ್ಟರೆ ಆ ಕಡೆಯವರು ಪ್ರತಿದೂರು ಕೊಡುತ್ತಾರೆ. ಫಲಿತಾಂಶ ಬಂದ ಮೇಲೆ ಹಿರಿಯರು ಕೂರಿಸಿ ರಾಜಿ ಮಾಡಿಸುತ್ತಾರೆ, ಇಲ್ಲವೇ ಸಾಕ್ಷಿಗಳು ಕೋರ್ಟಿನಲ್ಲಿ ಉಲ್ಟಾ ಹೊಡೆಯುತ್ತಾರೆ. ಅವರನ್ನು ಬೈದು ಏನು ಫಲ? ಹೊಡೆದವನ ಮನೆ ಅವರ ಬೀದಿಯಲ್ಲೇ ಇದೆ. ದೊಣ್ಣೆ ಕೊಟ್ಟು ಕಳಿಸಿದವರ ಹೆಸರಂತೂ ಎಫ್‌ಐಆರ್‌ಗೆ ಬರುವುದೇ ಅಪರೂಪ.

ಚುನಾವಣೆ ಬಂದಾಗ ರೌಡಿಶೀಟರ್‌ಗಳನ್ನು ಠಾಣೆಗೆ ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಪರವಾನಗಿ ಇರುವ ಬಂದೂಕುಗಳನ್ನು ಠಾಣೆಯಲ್ಲಿ ಇಡಿಸುತ್ತಾರೆ. ಮಲೆನಾಡಿನ ರೈತರು ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ, ಗದ್ದೆಗೆ ಹಂದಿ ಬಂದರೆ ಏನು ಮಾಡಬೇಕು ಅಂತ. ಅವರ ಕಷ್ಟ ನಿಜ. ನನ್ನ ಪ್ರಕಾರ ಇವೆಲ್ಲಕ್ಕಿಂತ ಉಪಯೋಗದ ಕೆಲಸ ಇನ್ನೊಂದಿದೆ. ಕಳೆದ ಸಲ ಯಾವ ಹಾಡಿಯಲ್ಲಿ, ಯಾವ ಕೇರಿಯಲ್ಲಿ ಮತದಾರರನ್ನು ಹೆದರಿಸಿದ್ದರು, ಹೆದರಿಸಿದವರು ಯಾರು ಅಂತ ಅಲ್ಲಿಗೇ ಹೋಗಿ ಕೇಳಿ ಮೊದಲೇ ಬರೆದಿಟ್ಟುಕೊಳ್ಳುವುದು. ಇದನ್ನು ಮಾಡಬೇಕು ಅಂತ ಚುನಾವಣಾ ಆಯೋಗವೇ ಹೇಳಿದೆ. ಆಫೀಸಿನಲ್ಲಿ ಕೂತು ಹಳೇ ಪಟ್ಟಿಯನ್ನೇ ನಕಲು ಮಾಡಿದರೆ ಮಾತ್ರ ಏನೂ ಉಪಯೋಗವಿಲ್ಲ.

ಹೆದರಿದ ಸಾಕ್ಷಿಗೂ ದಾರಿ ಇದೆ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ಇಡೀ ದೇಶಕ್ಕೆ ಅನ್ವಯ ಮಾಡಿತು. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಕೊಟ್ಟು ರಕ್ಷಣೆ ಕೇಳಬಹುದು. ಹಳ್ಳಿಗಳಲ್ಲಿ ಎಷ್ಟು ಜನರಿಗೆ ಇದು ಗೊತ್ತು? ದೂರು ಬರೆಸಿಕೊಳ್ಳುವಾಗಲೇ ಪೊಲೀಸರು ಇದನ್ನು ಬಾಯಿಬಿಟ್ಟು ಹೇಳಬೇಕು.

ಇವತ್ತು ಪ್ರತಿ ಸಭೆಯಲ್ಲೂ ಸಾವಿರ ಹರಿಬಾಬುಗಳು ಮೊಬೈಲ್ ಹಿಡಿದು ನಿಂತಿರುತ್ತಾರೆ. ನಿಮ್ಮ ಕಣ್ಣೆದುರು ಹೊಡೆದಾಟ ನಡೆದು ನೀವು ವಿಡಿಯೋ ಮಾಡಿದ್ದರೆ ಅದನ್ನು ಕತ್ತರಿಸಬೇಡಿ, ಹಾಡು ಸೇರಿಸಬೇಡಿ, ಗ್ರೂಪುಗಳಿಗೆ ಹಾಕಬೇಡಿ. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಹೋದ ತುಣುಕು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮೊದಲ ಫೈಲನ್ನು ಮೊಬೈಲಿನಲ್ಲೇ ಇರಿಸಿ. ತನಿಖಾಧಿಕಾರಿ ಬಂದಾಗ ಅದನ್ನೇ ಕೊಟ್ಟು, ಕೊಟ್ಟಿದ್ದಕ್ಕೆ ರಸೀದಿ ತೆಗೆದುಕೊಳ್ಳಿ.

ನಮಸ್ಕಾರ.