ಕಾಡಿನ ಬೇಸಿಗೆಗೆ ಕಟ್ಟಿದ ನೀರು

ಕೇಳುಗರಿಗೆ ನಮಸ್ಕಾರ.

ಆಗುಂಬೆಯಂಥ ಊರಿರುವ ಜಿಲ್ಲೆಯಲ್ಲಿ ಕುಳಿತು ಕಾಡುಪ್ರಾಣಿಗಳ ನೀರಡಿಕೆಯ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ಪೂರ್ವಕ್ಕೆ ಸರಿದಂತೆ ಅದೂ ಇಳಿಯುತ್ತ, ಶಿವಮೊಗ್ಗ ನಗರದ ಹೊತ್ತಿಗೆ ಆಗುಂಬೆಯ ಮಳೆಯ ಕಾಲುಭಾಗವೂ ಉಳಿಯುವುದಿಲ್ಲ. ಶೆಟ್ಟಿಹಳ್ಳಿ ಅಭಯಾರಣ್ಯದ ಮತ್ತು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಎಲೆಯುದುರುವ ಕಾಡುಗಳಲ್ಲಿ ಬೇಸಿಗೆ ಬಲಿತಂತೆ ಸಣ್ಣ ಹಳ್ಳಗಳು ಹರಿವು ನಿಲ್ಲಿಸಿ, ಅಲ್ಲೊಂದು ಇಲ್ಲೊಂದು ಮಡುವಾಗಿ ಉಳಿಯುತ್ತವೆ. ಭದ್ರಾ ಹಿನ್ನೀರಿನ ಹತ್ತಿರವಿರುವ ಕಾಟಿ, ಆನೆಗಳಿಗೆ ಅಷ್ಟು ಕಷ್ಟವಿಲ್ಲ. ನೀರು ಇಳಿದಂತೆ ತೆರೆದುಕೊಳ್ಳುವ ದಡದಲ್ಲಿ ಅವುಗಳಿಗೆ ಹಸಿ ಹುಲ್ಲೂ ಸಿಗುತ್ತದೆ. ಆ ಹಿನ್ನೀರೂ ಮನುಷ್ಯರು ಕಟ್ಟಿದ್ದೇ ಎಂಬುದು ನಮಗೆ ನೆನಪಾಗುವುದು ಕಡಿಮೆ.

ಒಣನಾಡುಗಳಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1940ರ ದಶಕದಲ್ಲಿ ಲಾವಕ್ಕಿಗಳಿಗಾಗಿ ಒಂದು ಬಗೆಯ ಮಳೆನೀರಿನ ತೊಟ್ಟಿ ರೂಪುಗೊಂಡಿತು. ಇಳಿಜಾರಾಗಿ ಹಾಸಿದ ಸಿಮೆಂಟ್ ಚಪ್ಪಡಿಯ ಮೇಲೆ ಬಿದ್ದ ಮಳೆ ನೆಲದಲ್ಲಿ ಹುಗಿದ, ಮೇಲೆ ಮುಚ್ಚಿದ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯ ಒಂದು ಬದಿ ಓರೆಯಾಗಿರುವುದರಿಂದ, ನೀರು ತಗ್ಗಿದಂತೆಲ್ಲ ಹಕ್ಕಿ ನಡೆದೇ ಕೆಳಗಿಳಿದು ಕುಡಿಯುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾಗಿ 100 ಚದರ ಮೀಟರ್ ಹಾಸಿನ ಮೇಲೆ 25 ಮಿಲಿಮೀಟರಿನ ಒಂದೇ ಹದ ಮಳೆ ಬಂದರೂ ಸುಮಾರು 2,500 ಲೀಟರ್ ಕೂಡುತ್ತದೆ. ಹಕ್ಕಿಗಳಿಗೆ ಅದು ತಿಂಗಳುಗಟ್ಟಲೆ ಸಾಕು. ದಿನಕ್ಕೆ ನೂರು ಲೀಟರಿಗೂ ಹೆಚ್ಚು ಕುಡಿಯುವ ಆನೆಗಳ ಹಿಂಡೊಂದು ಬಂದರೆ ಎರಡು ದಿನದ ಮಾತು. ಬಂಡೀಪುರದಂಥ ಆನೆಕಾಡಿನಲ್ಲಿ ಕೊಳವೆಬಾವಿಗೆ ಸೋಲಾರ್ ಪಂಪು ಕೂಡಿಸಿ ಕೆರೆಗಳಿಗೆ ನೀರು ಬಿಡುವುದು ಇದೇ ಕಾರಣಕ್ಕೆ.

ತೊಟ್ಟಿ ಕಟ್ಟುವವರು ಅಂಚಿನ ಕಡೆಗೆ ಗಮನ ಕೊಡುವುದು ಕಡಿಮೆ. ನುಣ್ಣಗೆ ಗಾರೆ ಮಾಡಿದ ನೆಟ್ಟಗಿನ ಗೋಡೆಯ ತೊಟ್ಟಿಗೆ ಬಿದ್ದ ಅಳಿಲು, ಉಡ, ಜಿಂಕೆಮರಿ ಮೇಲೆ ಹತ್ತಲಾರದೆ ಮುಳುಗುತ್ತವೆ. ತಟ್ಟೆಯ ಹಾಗೆ ಅಂಚು ಓರೆಯಾಗಿದ್ದು, ಕಾಲು ಜಾರದಂತೆ ಒರಟು ಕಲ್ಲು ಕೂಡಿಸಿದ್ದರೆ ಆ ಭಯವಿಲ್ಲ.

ಆದರೆ ನೀರು ಇಟ್ಟಲ್ಲೆಲ್ಲ ಒಳ್ಳೆಯದೇ ಆಗುತ್ತದೆಂದು ನಂಬುವಂತಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಕೊಳವೆಬಾವಿಗಳಿಂದ ನೂರಾರು ನೀರಿನ ತಾಣಗಳನ್ನು ಮಾಡಿದ್ದರು. ಒಣ ಉತ್ತರಭಾಗಕ್ಕೆ ನೀರು ಬಂದದ್ದೇ ತಡ, ಜೀಬ್ರಾಗಳು ಅಲ್ಲಿಗೆ ನುಗ್ಗಿದವು, ಅವುಗಳ ಬೆನ್ನಿಗೆ ಸಿಂಹಗಳೂ ಬಂದವು. ಮೊದಲೇ ವಿರಳವಾಗಿದ್ದ ರೋನ್ ಎಂಬ ಹುಲ್ಲೆಗಳು 1980ರ ದಶಕದ ಕೊನೆಯಿಂದ ತೀವ್ರವಾಗಿ ಇಳಿದವು. ಮುಂದೆ ಆ ತಾಣಗಳಲ್ಲಿ ಹಲವನ್ನು ಮುಚ್ಚಬೇಕಾಯಿತು. ಇಂಥ ನೀರಿನ ಸುತ್ತ ಮೇವು ಸವೆದು ನೆಲ ಬೋಳಾಗುವುದೂ ಉಂಟು. ಒಂದೇ ಗುಂಡಿಗೆ ಹತ್ತಾರು ಹಿಂಡು ಬಾಯಿ ಹಾಕುವಾಗ ರೋಗ ಹರಡುವುದೂ ಸುಲಭ.

ನನ್ನ ಅಭಿಪ್ರಾಯದಲ್ಲಿ ಮಲೆನಾಡಿಗೆ ಟ್ಯಾಂಕರ್ ನೀರಿನ ಸಿಮೆಂಟ್ ತೊಟ್ಟಿ ಕೊನೆಯ ಉಪಾಯವಾಗಿರಬೇಕು. ಫೋಟೊ ತೆಗೆಸಿಕೊಳ್ಳಲು ಅದು ಚೆನ್ನಾಗಿರುತ್ತದೆ ಎಂಬುದು ಬೇರೆ ಮಾತು. ಕಾಡೊಳಗಿನ ಹಳೆಯ ಕೆರೆಗಳ ಹೂಳು ತೆಗೆಯುವುದು ಮೊದಲಾಗಲಿ. ಮಳೆ ನಿಂತ ಮೇಲೆ ನಮ್ಮ ರೈತರು ಕಲ್ಲು, ಮಣ್ಣು, ಸೊಪ್ಪಿನಿಂದ ಹಳ್ಳಕ್ಕೆ ಅಡ್ಡ ಹಾಕುವ ಕಟ್ಟದಂಥವನ್ನು, ಹರಿವು ಪೂರ್ತಿ ನಿಲ್ಲದಂತೆ ಅಲ್ಲಲ್ಲಿ ಹಾಕಿದರೆ ಮಡುವಿನ ನೀರು ಇನ್ನಷ್ಟು ದಿನ ನಿಲ್ಲುತ್ತದೆ. ಹೊಸ ಗುಂಡಿ ತೋಡಲೇಬೇಕಾದರೆ ಡಾಂಬರು ರಸ್ತೆಯಿಂದಲೂ ತೋಟ, ಗದ್ದೆಗಳ ಅಂಚಿನಿಂದಲೂ ದೂರ ತೋಡಬೇಕು. ನೀರಿಗೆಂದು ಬಂದ ಆನೆ ಪಕ್ಕದಲ್ಲೇ ಬಾಳೆತೋಟವಿದ್ದರೆ ಬಿಟ್ಟು ಹೋಗುವುದಿಲ್ಲ.