ತೂಕ ಬರಲಿ ಅಂತ ಲಸಿಕೆ ಮುಂದೂಡಬೇಡಿ

ಮಾಟುಂಗಾದ ಈ ಸಭೆಗೆ ಬಂದಿರುವ ಅಮ್ಮಂದಿರಿಗೆ, ಅಜ್ಜಿಯರಿಗೆ, ಹಿಂದಿನ ಸಾಲಿನಲ್ಲಿ ಕೂತಿರುವ ಅಪ್ಪಂದಿರಿಗೂ ನಮಸ್ಕಾರ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವನ್ನು ಕರೆತಂದವರು ನನಗೆ ಸಾಮಾನ್ಯವಾಗಿ ಹೇಳುವ ಮಾತು ಇದು: ‘ಡಾಕ್ಟ್ರೇ, ಇನ್ನೂ ಎರಡು ಕೆಜಿಯೂ ಇಲ್ಲ. ಸ್ವಲ್ಪ ಮೈ ತುಂಬಲಿ, ಆಮೇಲೆ ಇಂಜೆಕ್ಷನ್ ಕೊಡಿಸೋಣ.’ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮಿದುಳು ಜ್ವರದ, ಅಂದರೆ ಮಿದುಳಿನ ಪೊರೆಗೆ ಸೋಂಕು ತಗಲುವ ಮೆನಿಂಜೈಟಿಸ್‌ನ, ಲಸಿಕೆಯಲ್ಲಿ ಹೀಗೆ ಕಾಯುವುದು ಅಪಾಯ.

ಯಾಕೆ ಅಂದರೆ, ರೋಗ ತಡೆಯುವ ಪ್ರತಿಕಾಯಗಳು ತಾಯಿಯಿಂದ ಮಗುವಿಗೆ ಜಾಸ್ತಿ ದಾಟುವುದು ಬಸಿರಿನ ಕೊನೆಯ ವಾರಗಳಲ್ಲಿ. 28 ವಾರಕ್ಕೇ ಹುಟ್ಟಿದ ಮಗುವಿಗೆ ಅದರಲ್ಲಿ ಬಹುಪಾಲು ಸಿಕ್ಕಿರುವುದೇ ಇಲ್ಲ. ಎದೆಹಾಲು ಬೇಕೇ ಬೇಕು. ಆದರೆ ಅದೊಂದೇ ಈ ಕೊರತೆಯನ್ನು ತುಂಬಲಾರದು.

ಮಿದುಳಿನ ಪೊರೆಗೆ ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ ಹಿಬ್, ನ್ಯುಮೋಕಾಕಸ್, ಮೆನಿಂಗೋಕಾಕಸ್ ಮುಖ್ಯವಾದವು. ಇವುಗಳ ಮೈಮೇಲೆ ಸಕ್ಕರೆ ಅಂಶದ ಒಂದು ಹೊದಿಕೆ ಇರುತ್ತದೆ. ಎರಡು ವರ್ಷದೊಳಗಿನ ಮಗುವಿನ ದೇಹ ಬರೀ ಆ ಹೊದಿಕೆಯನ್ನು ಸರಿಯಾಗಿ ಗುರುತು ಹಿಡಿಯುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಅದನ್ನು ಒಂದು ಪ್ರೊಟೀನಿಗೆ ಜೋಡಿಸಿ ಲಸಿಕೆ ಮಾಡಿದರು. ಅಷ್ಟು ಮಾಡಿದ್ದಕ್ಕೆ, ಅಂಗೈಯಗಲದ ಮಗುವೂ ಪ್ರತಿಕಾಯ ತಯಾರಿಸುತ್ತದೆ! ನನಗೆ ಇದು ಈಗಲೂ ಬೆರಗು.

ಒಂದು ಮಾತು ನಿಜ. ಹಿಬ್‌ಗೆ, ನ್ಯುಮೋಕಾಕಸ್‌ನ ಕೆಲವು ಬಗೆಗಳಿಗೆ ಬೇಗ ಹುಟ್ಟಿದ ಮಕ್ಕಳಲ್ಲಿ ಪ್ರತಿಕಾಯ ಕಡಿಮೆ ಬರುವುದುಂಟು, ಬೇಗ ಇಳಿಯುವುದೂ ಉಂಟು. ಆದರೂ ಹೆಚ್ಚಿನ ಮಕ್ಕಳಿಗೆ ಮೊದಲ ಸುತ್ತಿನಲ್ಲೇ ರಕ್ಷಣೆ ಸಿಗುತ್ತದೆ. ಬೂಸ್ಟರ್ ಕೊಟ್ಟರೆ ಮತ್ತೆ ಚೆನ್ನಾಗಿ ಏರುತ್ತದೆ. ಹಾಗಾಗಿ ತಿಂಗಳು ತುಂಬಿದ ಮಗುವಿಗಿಂತ ಈ ಮಗುವಿಗೇ ಬೂಸ್ಟರ್ ಹೆಚ್ಚು ಮುಖ್ಯ, ಅಲ್ವಾ?

ದಿನ ಲೆಕ್ಕ ಹಾಕಬೇಕಾದ್ದು ಹುಟ್ಟಿದ ತಾರೀಕಿನಿಂದ. ಡಾಕ್ಟರು ಮೊದಲು ಹೇಳಿದ್ದ ಹೆರಿಗೆ ದಿನದಿಂದ ಅಲ್ಲ. ಹಿಬ್ ಲಸಿಕೆ ಪೆಂಟಾವೇಲೆಂಟ್ ಅನ್ನುವ, ಐದು ರೋಗಗಳಿಗೆ ಒಟ್ಟಿಗೆ ಕೊಡುವ ಲಸಿಕೆಯ ಒಳಗೇ ಇದೆ. ಅದು 6, 10, 14 ವಾರಕ್ಕೆ. ನ್ಯುಮೋಕಾಕಸ್‌ದು 6, 14 ವಾರಕ್ಕೆ, ಬೂಸ್ಟರ್ 9 ತಿಂಗಳಿಗೆ. 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಶುರುವಾಗಿದ್ದು 2021ರಲ್ಲಿ ದೇಶಕ್ಕೆಲ್ಲ ಬಂತು. ಇವೆರಡೂ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿವೆ. ಹಿಬ್ ಬೂಸ್ಟರ್ ಮತ್ತು ಮೆನಿಂಗೋಕಾಕಸ್ ಲಸಿಕೆ ಆ ಪಟ್ಟಿಯಲ್ಲಿಲ್ಲ, ನಿಮ್ಮ ಮಕ್ಕಳ ಡಾಕ್ಟರನ್ನು ಬಾಯಿಬಿಟ್ಟು ಕೇಳಿ.

‘ಚಿಕ್ಕ ಕೂಸು, ಅರ್ಧ ಡೋಸ್ ಸಾಕು’ ಅನ್ನಬೇಡಿ. ಪೂರ್ತಿ ಡೋಸೇ ಬೇಕು. ತೀರಾ ಬೇಗ ಹುಟ್ಟಿದ ಕೆಲವು ಮಕ್ಕಳಲ್ಲಿ ಲಸಿಕೆಯ ನಂತರ ಉಸಿರು ಕ್ಷಣಕಾಲ ನಿಲ್ಲುವುದುಂಟು. ಅಂಥ ಮಗು ಆರು ವಾರಕ್ಕೂ ಆಸ್ಪತ್ರೆಯಲ್ಲೇ ಇದ್ದರೆ ಅಲ್ಲೇ ಲಸಿಕೆ ಕೊಟ್ಟು, ಎರಡು ಮೂರು ದಿನ ಮಾನಿಟರ್ ಹಾಕಿ ನೋಡಿಕೊಳ್ಳುತ್ತಾರೆ.

ನಮ್ಮ ಮುಂಬೈ ಕನ್ನಡದ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಬಾಣಂತನಕ್ಕೆ ಅಂತ ಮಗಳು ಉಡುಪಿಗೋ ಹುಬ್ಬಳ್ಳಿಗೋ ಹೋಗುತ್ತಾಳೆ, ಲಸಿಕೆ ಕಾರ್ಡು ಇಲ್ಲೇ ಕಪಾಟಿನಲ್ಲಿ ಉಳಿಯುತ್ತದೆ. ಕಾರ್ಡು ಮಗುವಿನ ಜೊತೆ ಹೋಗಲಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದೇ ಲಸಿಕೆ ಸಿಗುತ್ತದೆ. ಒಂದು ಡೋಸ್ ತಪ್ಪಿಹೋಗಿದ್ದರೂ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದಲೇ ಮುಂದುವರಿಸಬಹುದು. ಯಾರ ಮಗುವಿಗಾದರೂ ಹಾಗೆ ತಪ್ಪಿದ್ದರೆ ಈಗಲೇ ನನ್ನ ಹತ್ತಿರ ಬನ್ನಿ, ಕಾರ್ಡು ನೋಡಿ ಮುಂದಿನ ತಾರೀಕು ಬರೆದುಕೊಡುತ್ತೇನೆ.