ಕಬ್ಬಿನ ಸಿಪ್ಪೆಯೊಳಗಿನ ಕಾಗದ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಕಾಗದದ ವಿಷಯ ಮಾತಾಡೋಣ. ಅದರ ಮೇಲೆ ಏನು ಬರೆದಿದೆ ಅನ್ನೋದು ಪಕ್ಕಕ್ಕಿರಲಿ, ಒಳಗಿರುವ ನಾರನ್ನೇ ನೋಡೋಣ.

ಮೈಸೂರು, ಮಂಡ್ಯ ಕಡೆಯವರಿಗೆ ಇದು ಸುಲಭ. ಕಬ್ಬಿನ ಹಾಲು ಮಾರುವವರ ಗಾಡಿ ಪಕ್ಕ ಹಿಂಡಿದ ಸಿಪ್ಪೆಯ ರಾಶಿ ಇರುತ್ತಲ್ಲ, ಅದರಲ್ಲಿ ಒಂದು ಹಿಡಿ ತಂದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಆಮೇಲೆ ಎರಡೂ ಅಂಗೈ ಮಧ್ಯೆ ಇಟ್ಟು ಉಜ್ಜಿ. ಹಗುರವಾದ ಬಿಳಿ ಪುಡಿ ಉದುರುತ್ತದೆ, ಕೈಯಲ್ಲಿ ಗಡುಸಾದ ಎಳೆಗಳು ಉಳಿಯುತ್ತವೆ. ಕಾಗದ ಆಗೋದು ಆ ಎಳೆಗಳು. ಉದುರಿದ್ದು ಬೆಂಡು, ಅದು ಕಾಗದಕ್ಕೆ ಆಗಿಬರುವುದಿಲ್ಲ.

ಸಿಪ್ಪೆಯಿಂದ ಕಾಗದ ಮಾಡುವ ಕಾರ್ಖಾನೆಯಲ್ಲೂ ಮೊದಲ ಕೆಲಸ ಇದೇ. ಅಲ್ಲಿ ಇದಕ್ಕೆ ಡಿಪಿತಿಂಗ್, ಅಂದರೆ ಬೆಂಡು ತೆಗೆಯುವುದು, ಅಂತಾರೆ. ಸಿಪ್ಪೆಯಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಪಾಲು ಬೆಂಡೇ ಇರುತ್ತದೆ. ಅದರಲ್ಲಿ ಉದ್ದನೆಯ ನಾರಿಲ್ಲ, ಬರೀ ತೆಳು ಗೋಡೆಯ ಕೋಶಗಳು. ಅದನ್ನು ತೆಗೆಯದೆ ಹಾಗೇ ಬಿಟ್ಟರೆ, ಬೇಯಿಸಲು ಹಾಕಿದ ಕಾಸ್ಟಿಕ್ ಸೋಡಾವನ್ನೆಲ್ಲ ಸುಮ್ನೆ ಕುಡಿದುಬಿಡುತ್ತದೆ, ಮುಂದೆ ಜಾಲರಿಯ ಮೇಲೆ ನೀರು ಬಸಿಯಲೂ ಬಿಡುವುದಿಲ್ಲ. ನೀರು ಬಸಿಯೋದು ಅಷ್ಟು ದೊಡ್ಡ ವಿಷಯವಾ ಅಂತೀರಾ? ಹೌದು. ಕಾಗದದ ಯಂತ್ರದ ಜಾಲರಿಗೆ ಬೀಳುವ, ನಾರು ಬೆರೆತ ದ್ರವದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ, ನಾರು ಒಂದು ಪಾಲು ಇದ್ದರೆ ಹೆಚ್ಚು. ಜಾಲರಿ ಓಡುತ್ತಿರುವಾಗಲೇ, ಕೆಲವೇ ಸೆಕೆಂಡಿನಲ್ಲಿ, ಆ ನೀರಿನಲ್ಲಿ ಬಹುಪಾಲು ಇಳಿದುಹೋಗಬೇಕು. ಇಳಿಯದಿದ್ದರೆ ಯಂತ್ರದ ವೇಗ ತಗ್ಗಿಸಬೇಕು, ಕಾರ್ಖಾನೆಗೆ ನಷ್ಟ.

ಇನ್ನು ನಾರು ನಾರಿಗೆ ಹೇಗೆ ಅಂಟುತ್ತೆ? ಗೋಂದು ಹಾಕ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಗಿಡದಲ್ಲಿ ನಾರುಗಳನ್ನು ಒಟ್ಟಿಗೆ ಹಿಡಿದಿಡೋದು ಲಿಗ್ನಿನ್ ಅನ್ನುವ ವಸ್ತು. ಅದನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಕರಗಿಸಿ ತೆಗೆದರೆ ಉಳಿಯುವ ನಾರಿನಲ್ಲಿ ಹೆಚ್ಚಿನ ಪಾಲು ಸೆಲ್ಯುಲೋಸ್. ಅದನ್ನು ನೀರಿನಲ್ಲಿ ಜಜ್ಜಿದಾಗ ಒಂದೊಂದು ನಾರಿನ ಮೈಯಿಂದಲೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಬಿಚ್ಚಿಕೊಳ್ಳುತ್ತವೆ. ಒಣಗುವಾಗ ಈ ಎಳೆಗಳು ಹತ್ತಿರ ಹತ್ತಿರ ಬಂದು, ಹೈಡ್ರೋಜನ್ ಬಂಧದಿಂದ, ಅಂದರೆ ಅಣುಗಳ ನಡುವಿನ ಸೆಳೆತದಿಂದ, ತಾವೇ ಕಚ್ಚಿಕೊಳ್ಳುತ್ತವೆ. ಮತ್ತೆ ನೀರು ತಾಗಿದರೆ ಆ ಹಿಡಿತ ಸಡಿಲವಾಗುತ್ತದೆ, ಅದಕ್ಕೇ ನೆಂದ ನೋಟ್‌ಬುಕ್ ಹಾಳೆ ಮುಟ್ಟಿದರೆ ಕಿತ್ತುಬರುತ್ತೆ. ಜಜ್ಜುವುದೂ ಹದವಾಗಿರಬೇಕು. ಕಡಿಮೆಯಾದರೆ ಹಾಳೆಗೆ ಗಟ್ಟಿತನ ಇಲ್ಲ, ಜಾಸ್ತಿಯಾದರೆ ನಾರು ತುಂಡಾಗುತ್ತದೆ, ನೀರೂ ಇಳಿಯೋದಿಲ್ಲ. ಈ ಹದ ಹುಡುಕುವುದರಲ್ಲೇ ಕಾಗದದ ಸಂಶೋಧನೆಯ ಎಷ್ಟೋ ಭಾಗ ಕಳೆಯುತ್ತದೆ, ಮತ್ತು ನನಗೆ ಬಹಳ ಇಷ್ಟವಾದ ಭಾಗವೂ ಇದೇ.

ನಮ್ಮ ಮೈಸೂರಿನಲ್ಲೇ ನೋಟಿನ ಕಾಗದದ ಕಾರ್ಖಾನೆ ಇದೆ, ವರ್ಷಕ್ಕೆ 12,000 ಟನ್ ಸಾಮರ್ಥ್ಯದೊಂದಿಗೆ ಶುರುವಾದದ್ದು. ಅಲ್ಲಿ ಮರವೂ ಇಲ್ಲ, ಕಬ್ಬೂ ಇಲ್ಲ, ಹತ್ತಿಯ ನಾರು. ಹತ್ತಿ ಹುಟ್ಟಾ ಬಹುತೇಕ ಸೆಲ್ಯುಲೋಸೇ, ನಾರೂ ಉದ್ದ. ಜೇಬಿನಲ್ಲಿ ಮರೆತ ನೋಟು ಬಟ್ಟೆ ಜೊತೆ ಒಗೆದರೂ ಇಡಿಯಾಗಿ ಸಿಗುವುದಕ್ಕೆ ಈ ನಾರು ಒಂದು ಕಾರಣ.

ಕಬ್ಬಿನ ನಾರು ಅಷ್ಟು ಉದ್ದವಿಲ್ಲ. ಪೈನ್ ಮರದ್ದು ಸುಮಾರು 3 ಮಿಲಿಮೀಟರ್, ನೀಲಗಿರಿಯದು ಒಂದಕ್ಕೂ ಕಡಿಮೆ, ಕಬ್ಬಿನದು ಒಂದರಿಂದ ಒಂದೂವರೆ. ಅಂದರೆ ಬರೆಯುವ, ಅಚ್ಚು ಹಾಕುವ ಕಾಗದಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಹರಿಯದಂಥ ಗಟ್ಟಿ ಕಾಗದ ಬೇಕಾದರೆ ಉದ್ದ ನಾರು ಸ್ವಲ್ಪ ಬೆರೆಸಿಕೊಂಡರಾಯಿತು.

ಸಿಪ್ಪೆ ನಮಗೇನೂ ಹೊಸದಲ್ಲ, ಮಂಡ್ಯದ ಮೈಶುಗರ್ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1933ರಲ್ಲಿ. ಬೆಳಗೊಳದಲ್ಲಿ ಸಿಪ್ಪೆಯಿಂದಲೇ ಕಾಗದ ಮಾಡುತ್ತಿದ್ದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಇತ್ತು, ಬಾಗಿಲು ಹಾಕಿತು. ತಮಿಳುನಾಡಿನ ಕರೂರಿನ ಹತ್ತಿರ ಸರ್ಕಾರವೇ ಕಟ್ಟಿದ ಕಾರ್ಖಾನೆ 1980ರ ದಶಕದಿಂದ ಬಹುಮಟ್ಟಿಗೆ ಸಿಪ್ಪೆಯನ್ನು ನಂಬಿ ನಡೆದುಕೊಂಡು ಬಂದಿದೆ. ಅವರು ಮಾಡಿದ ಉಪಾಯ ಕೇಳಿ. ಸಕ್ಕರೆ ಕಾರ್ಖಾನೆಯವರು ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ಉರಿಸ್ತಾರೆ, ಸುಮ್ಮನೆ ಕೊಡಿ ಅಂದರೆ ಯಾಕೆ ಕೊಡ್ತಾರೆ? ಸಿಪ್ಪೆ ನಮಗೆ ಕೊಡಿ, ಅದರ ಬದಲು ನಿಮಗೆ ಬೇಕಾದ ಹಬೆಯನ್ನೋ ಉರುವಲನ್ನೋ ನಾವು ಕೊಡ್ತೀವಿ ಅಂತ ಒಪ್ಪಂದ ಮಾಡಿಕೊಂಡರು. ನಮ್ಮ ಜಿಲ್ಲೆಗೂ ಇಂಥದೊಂದು ಲೆಕ್ಕ ಹಾಕಿ ನೋಡಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಆಲೆಮನೆಯವರ ಸಿಪ್ಪೆಗೆ ಕೈ ಹಾಕುವುದು ಬೇಡ, ಅವರ ಒಲೆಗೆ ಅದೇ ಆಧಾರ. ಭತ್ತದ ಹುಲ್ಲಿನಿಂದಲೂ ಕಾಗದ ಆಗುತ್ತೆ, ಆದರೆ ಅದು ದನಕ್ಕೆ ಬೇಕು. ಮೇಲಾಗಿ ಹುಲ್ಲಿನಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು, ಜಾಸ್ತಿ. ಬೇಯಿಸಿದ ಮೇಲೆ ಉಳಿಯುವ ಕಪ್ಪು ದ್ರಾವಣವನ್ನು ಇಂಗಿಸಿ ಸೋಡಾ ವಾಪಸ್ ತೆಗೆಯುವಾಗ ಆ ಸಿಲಿಕಾ ಕೊಳವೆಗಳಲ್ಲಿ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ಕಬ್ಬಿನಲ್ಲಿ ಈ ಕಾಟ ಕಡಿಮೆ.

ಕಬ್ಬಿನದೇ ಆದ ಕಷ್ಟವೂ ಒಂದಿದೆ. ಕಬ್ಬು ಅರೆಯುವುದು ವರ್ಷದಲ್ಲಿ ಕೆಲವು ತಿಂಗಳು, ಕಾಗದದ ಯಂತ್ರ ವರ್ಷವಿಡೀ ಓಡಬೇಕು. ಸಿಪ್ಪೆಯಲ್ಲಿ ಉಳಿದ ಸಕ್ಕರೆ ಹುಳಿತು, ಬೂಷ್ಟು ಹಿಡಿದು ನಾರು ಕೆಡುತ್ತದೆ. ಬೂಷ್ಟು ಹಿಡಿದ ಒಣ ರಾಶಿಯ ಧೂಳನ್ನು ಉಸಿರಾಡಿದವರಿಗೆ ಬಗಸೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರಬಹುದು, ಇದನ್ನು ಹಗುರವಾಗಿ ತಗೊಳ್ಳಬಾರದು. ಅದಕ್ಕೇ ದೊಡ್ಡ ಕಾರ್ಖಾನೆಗಳಲ್ಲಿ ಬೆಂಡು ತೆಗೆದ ಸಿಪ್ಪೆಯನ್ನು ಗುಡ್ಡೆ ಹಾಕಿ, ಮೇಲೆ ನೀರು ಹಾಯಿಸುತ್ತಾ ಒದ್ದೆಯಾಗಿಯೇ ಇಡುತ್ತಾರೆ. ತೆಗೆದ ಬೆಂಡೂ ದಂಡವಲ್ಲ, ಅದು ಬಾಯ್ಲರಿಗೆ ಹೋಗುತ್ತದೆ. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಪ್ರಾಜೆಕ್ಟ್ ಹುಡುಕುತ್ತಿದ್ದರೆ ಇಲ್ಲಿಂದಲೇ ಶುರು ಮಾಡಬಹುದು: ನಮ್ಮ ಹವೆಯಲ್ಲಿ, ಕಾವೇರಿ ನೀರನ್ನು ಜಾಸ್ತಿ ಸುರಿಯದೆ, ಸಿಪ್ಪೆಯನ್ನು ಮುಂದಿನ ಹಂಗಾಮಿನವರೆಗೆ ಕೆಡದಂತೆ ಇಡುವುದು ಹೇಗೆ?

ಕೇಳಿದ್ದಕ್ಕೆ ವಂದನೆಗಳು, ನಮಸ್ಕಾರ.